ಕಂಬದೂರಿನಲ್ಲಿ ಖಾಲಿ

ರೊದ್ದಂ ದಾಟುವ ಹೊತ್ತಿಗೆ ಆದಿನಾರಾಯಣಪ್ಪನಿಗೆ ತನ್ನ ಅಂಗೈಯಲ್ಲಿರುವುದು ಫೋನಲ್ಲ, ಯಾರದೋ ನಾಡಿ ಎನ್ನಿಸತೊಡಗಿತ್ತು. ಕಣ್ಣು ತೆಗೆದರೆ ಎಲ್ಲಿ ನಿಂತುಹೋಗುತ್ತದೋ ಎಂದು ಅದನ್ನೇ ನೋಡುತ್ತ ಕುಳಿತಿದ್ದ. ಫೋನು ಸೊಸೆ ಶ್ರೀಲತಾಳದು. ಕಾರೂ ಅವಳದೇ, ಕರೆಂಟಿನಿಂದ ಓಡುವ ಕಾರು. ಬೆಳಿಗ್ಗೆ ಮಕ್ಕಳನ್ನು ಇಸ್ಕೂಲಿಗೆ ಬಿಟ್ಟು ಬರುವುದು, ಮಿಕ್ಕ ಹೊತ್ತು ಬಾಡಿಗೆಗೆ ಹೋಗುವುದು ಅವಳ ಕೆಲಸ. ಹಿಂದಿನ ರಾತ್ರಿ ಹಿಂದೂಪುರದಲ್ಲಿ ಕರೆಂಟು ಹೋಗಿ ಕಾರಿಗೆ ಅರೆಹೊಟ್ಟೆಯೇ ಆಗಿತ್ತು. ಕಲ್ಯಾಣದುರ್ಗ ಮುಟ್ಟಬೇಕಾದರೆ ದಾರಿಯಲ್ಲಿ ಎಲ್ಲಾದರೂ ಚಾರ್ಜು ಹಾಕಲೇಬೇಕು. ಫೋನಿನ ನಕ್ಷೆಯಲ್ಲಿ ಒಂದೊಂದು ಚಾರ್ಜಿಂಗ್ ಸ್ಟೇಷನ್ನಿಗೂ ಒಂದು ಚುಕ್ಕಿ: ಖಾಲಿಯಿದ್ದರೆ ಹಸಿರು, ಯಾರಾದರೂ ಹಾಕಿಕೊಂಡಿದ್ದರೆ ಕೆಂಪು. ರೊದ್ದಂನಲ್ಲಿದ್ದ ಚುಕ್ಕಿ, ಅವರು ಊರೊಳಗೆ ಬರುತ್ತಿದ್ದ ಹಾಗೆಯೇ, ಹಸಿರಿದ್ದದ್ದು ಕೆಂಪಾಗಿತ್ತು.

"ಯಾರೋ ಹಾಕ್ಕಂಡ್ಬುಟ್ರು ಮಾವ," ಎಂದಳು ಶ್ರೀಲತಾ, ಬೇಸರವಿಲ್ಲದೆ. "ಮುಂದಕ್ಕೆ ಹೋಗೋಣ. ಕಂಬದೂರು ಎಂಗದೆ ನೋಡಿ."

"ಹಸ್ರು."

"ಕಲ್ಯಾಣದುರ್ಗ?"

"ಬೂದಿ ಬಣ್ಣ ಕಣಮ್ಮ."

"ಅಂಗಾದ್ರೆ ಅದು ಕೆಟ್ಟೋಗದೆ. ಕಂಬದೂರೊಂದೇ ಗತಿ."

"ಇದುಕ್ಕೆ ಯಾರು ಹೇಳ್ತಾರೆ, ಅಲ್ಲಿ ಖಾಲಿ ಅದೆ ಇಲ್ಲಿಲ್ಲ ಅಂತ?"

"ಯಾರೂ ಹೇಳಲ್ಲ ಮಾವ, ಮಿಷನ್ನೇ ಹೇಳ್ತದೆ. ಜನ ಹೋಗಿ ನೋಡಿ ಕೆಟ್ಟದೆ ಅಂತ ಬರದ್ರೆ ಅದುನ್ನೂ ನಂಬ್ತದೆ. ಕಂಡಕ್ಟರ್ ಆಗಿದ್ದೋರು ನೀವು, ನಾನು ನಿಮ್ಗೆ ಹೇಳ್ಕೊಡ್ಬೇಕಾ?"

ಅವಳು ನಗುತ್ತಲೇ ಅಂದದ್ದು. ಆದರೆ ಆದಿನಾರಾಯಣಪ್ಪನ ಕಿವಿಯಲ್ಲಿ ತನ್ನದೇ ಹಳೆಯ ಕೂಗು ಎದ್ದಿತು: ಸೀಟಿದೆ, ಸೀಟಿದೆ, ಬನ್ನಿ, ಹತ್ತಿ, ಒಳಗೆಲ್ಲ ಖಾಲಿ. ಹಾಗೆ ಕೂಗುವಾಗ ಒಳಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಹತ್ತಿದವರು ಬೈದುಕೊಳ್ಳುತ್ತ, ಕಂಬಿ ಹಿಡಿದು, ಒಬ್ಬರ ಬೆವರು ಇನ್ನೊಬ್ಬರಿಗೆ ಒರೆಸುತ್ತ ಹೇಗೋ ಊರು ಸೇರುತ್ತಿದ್ದರು. ಆ ಕೂಗನ್ನು ಯಾರೂ ಸುಳ್ಳೆಂದು ಎಣಿಸುತ್ತಿರಲಿಲ್ಲ, ಅವನೂ ಎಣಿಸಿರಲಿಲ್ಲ. ಈಗ ಈ ಕೈಯಗಲದ ಗಾಜು, ಎಲ್ಲೋ ದೂರದಲ್ಲಿ ಯಾವನೋ ಒಬ್ಬ ಕೊಕ್ಕೆಯಿಂದ ಚಾರ್ಜು ಹಾಕುವ ಗನ್ನು ತೆಗೆದ ಕ್ಷಣದಲ್ಲಿಯೇ ಇಲ್ಲಿ ಬಣ್ಣ ಬದಲಾಯಿಸಿ, ಇದ್ದದ್ದನ್ನು ಇದೆ ಎಂದು, ಇಲ್ಲದ್ದನ್ನು ಇಲ್ಲವೆಂದು ಹೇಳುತ್ತಿತ್ತು. ಕೇಳಿದವನು ಕಾರಿನಲ್ಲಿ ಬರುವ ಸಾಹುಕಾರನೋ ಬಾಡಿಗೆ ಓಡಿಸುವ ಹೆಣ್ಣುಮಗಳೋ ಎಂದು ನೋಡುತ್ತಿರಲಿಲ್ಲ. ಕದಿರಿಯ ನರಸಿಂಹಸ್ವಾಮಿಯ ಎದುರು ನಿಂತಾಗ ಮಾತ್ರ ಅವನಿಗೆ ಇಂಥ ಭಾವನೆ ಬರುತ್ತಿತ್ತು: ಇಲ್ಲಿ ಮುಚ್ಚುಮರೆ ನಡೆಯುವುದಿಲ್ಲ. ಎಂಥ ಬುದ್ಧಿ ಕೊಟ್ಟಿದ್ದೀಯಪ್ಪ ಮನುಷ್ಯನಿಗೆ, ಎಂದು ಮನಸ್ಸಿನಲ್ಲೇ ಕೈಮುಗಿದ. ಮುಗಿದ ಮೇಲೆ, ಇದನ್ನು ಹೆಂಡತಿ ಲಕ್ಷ್ಮೀದೇವಿಗೆ ತೋರಿಸಬೇಕು ಎಂದುಕೊಂಡ. ಆಮೇಲೆ ಅವಳಿಲ್ಲವೆಂಬುದು ನೆನಪಾಯಿತು. ಹೀಗೆ ದಿನಕ್ಕೆ ಎಷ್ಟು ಸಲ ಆಗುತ್ತಿತ್ತೋ ಅವನಿಗೇ ಗೊತ್ತಿರಲಿಲ್ಲ. ಪ್ರತಿಸಲವೂ ಅವಳು ಹೊಸದಾಗಿ ಸಾಯುತ್ತಿದ್ದಳು.

ಹಿಂದಿನ ಸೀಟಿನಲ್ಲಿ ಚೀಲದೊಳಗೆ ಅವಳ ಸೀರೆ ಇತ್ತು. ಗೋರಂಟಿ ಬಣ್ಣದ್ದು, ಅವಳೇ ಆರಿಸಿ ಇಟ್ಟುಕೊಂಡದ್ದು. ಹೆಣ್ಣುಮಗಳು ತೀರಿಕೊಂಡರೆ ಅವಳು ಉಟ್ಟ ಸೀರೆಗಳಲ್ಲೊಂದನ್ನು ಗಂಡನೇ ಕೈಯಾರೆ ತೆಗೆದುಕೊಂಡು ಹೋಗಿ ಅವಳ ಒಡಹುಟ್ಟಿದವಳ ಮಡಿಲಿಗೆ ಹಾಕಬೇಕು. ಅಲ್ಲಿಯವರೆಗೆ ಆ ಒಡಹುಟ್ಟಿದವಳು ಅನ್ನ ಮುಟ್ಟುವುದಿಲ್ಲ. ಅವರ ಮನೆತನದಲ್ಲಿ ಇದು ನಡೆದುಕೊಂಡು ಬಂದದ್ದು. ಕಲ್ಯಾಣದುರ್ಗದಲ್ಲಿ ಲಕ್ಷ್ಮೀದೇವಿಯ ಅಕ್ಕ ಶಿವಲಕ್ಷ್ಮಮ್ಮ ತಂಗಿ ಹೋದ ದಿನದಿಂದ ರಾಗಿ ಅಂಬಲಿಯ ಮೇಲೆ ಜೀವ ಹಿಡಿದಿದ್ದರು. ಅವನೋ ಇವತ್ತು ನಾಳೆ ಎನ್ನುತ್ತ ಮುಂದೂಡುತ್ತಲೇ ಬಂದಿದ್ದ. ಆ ಸೀರೆ ಮನೆಯಿಂದ ಹೊರಗೆ ಹೋದರೆ ಏನೋ ಒಂದು ಪೂರ್ತಿ ಮುಗಿದುಹೋಗುತ್ತದೆ ಎಂಬ ಅಳುಕು. ಅದನ್ನು ಯಾರಿಗೂ ಹೇಳದೆ ಕಾಲುನೋವು, ಬಿಸಿಲು ಎಂದು ನೆವ ಹೇಳಿದ್ದ. ಕೊನೆಗೆ ಶಿವಲಕ್ಷ್ಮಮ್ಮನ ಸೊಸೆ ಕಲ್ಯಾಣಿ ಫೋನು ಮಾಡಿ, "ನಮ್ಮತ್ತೆ ಎದ್ದು ಕೂತ್ಕಳಾಕೂ ಆಗ್ತಿಲ್ಲ, ನೀವು ಬತ್ತೀರೋ ಇಲ್ವೋ," ಎಂದು ಗದರಿಸಿದಂತೆ ಕೇಳಿದ್ದಳು. ನಾಳೆ ಅಮಾವಾಸ್ಯೆ, ಅದು ಕಳೆದರೆ ಆಷಾಢ, ತಿಂಗಳುಪೂರ್ತಿ ಮಡಿಲಿಗೆ ಸೀರೆ ಹಾಕುವಂತಿಲ್ಲ. ಇನ್ನೊಂದು ತಿಂಗಳು ಅಂಬಲಿಯ ಮೇಲೆ ಆ ಜೀವ ನಿಲ್ಲುತ್ತದೆಯೋ ಇಲ್ಲವೋ. ಇವತ್ತೇ ಕೊಡಬೇಕು, ಅದೂ ಆ ಮನೆಯಲ್ಲಿ ಸಂಜೆ ದೀಪ ಹಚ್ಚುವುದರೊಳಗೆ. ದೀಪ ಹಚ್ಚಿದ ಮೇಲೆ ಸತ್ತವರ ವಸ್ತುವನ್ನು ಹೊಸ್ತಿಲೊಳಗೆ ತರಬಾರದು.

ಕಂಬದೂರಿನ ಚಾರ್ಜಿಂಗ್ ಸ್ಟೇಷನ್ ಊರಿನಿಂದ ಸ್ವಲ್ಪ ಈಚೆಗೆ, ಮುಚ್ಚಿಹೋದ ಒಂದು ಡಾಬಾದ ಪಕ್ಕದಲ್ಲಿತ್ತು. ಕಾಯುವವರು ಯಾರೂ ಇಲ್ಲ. ಎರಡು ಗನ್ನುಗಳಲ್ಲಿ ಒಂದು ಸತ್ತಿತ್ತು. ಇನ್ನೊಂದು, ಫೋನು ಹೇಳಿದ ಹಾಗೆಯೇ, ಖಾಲಿ. ಶ್ರೀಲತಾ ಗನ್ನು ಸಿಕ್ಕಿಸಿದ ತಕ್ಷಣ ಆದಿನಾರಾಯಣಪ್ಪನ ಕೈಯಲ್ಲಿ ಚುಕ್ಕಿ ಕೆಂಪಾಯಿತು. ಅದು ತಾವೇ ಎಂದು ತಿಳಿದು ಅವನಿಗೆ ಚಿಕ್ಕ ಹುಡುಗನಂತೆ ಖುಷಿಯಾಯಿತು. ಈಗ ಯಾವ ಊರಿನಲ್ಲಿ ಯಾರು ನೋಡಿದರೂ ಕಂಬದೂರಿನಲ್ಲಿ ಯಾರೋ ಇದ್ದಾರೆ ಎಂದು ಗೊತ್ತಾಗುತ್ತದೆ. ಆ ಯಾರೋ ಎಂದರೆ ತಾನು. ಎದುರಿನ ಗುಡ್ಡದ ಮೇಲೆ ಗಾಳಿಯಂತ್ರಗಳು ಉದ್ದನೆಯ ರೆಕ್ಕೆ ಬೀಸುತ್ತ ನಿಂತಿದ್ದವು. ಜ್ಯೇಷ್ಠದ ಗಾಳಿ ಕೆಂಪು ಹೊಲಗಳ ಧೂಳನ್ನು ಎತ್ತಿ ಎತ್ತಿ ಹಾಕುತ್ತಿತ್ತು. ಈ ಗಾಳಿಗೆ ಜನ ಬೈದದ್ದನ್ನೇ ಅವನು ಕೇಳಿದ್ದ. ಅದೇ ಗಾಳಿ ಕರೆಂಟಾಗಿ, ತಂತಿಯೊಳಗೆ ಹರಿದು, ಸದ್ದಿಲ್ಲದೆ ಕಾರಿನ ಹೊಟ್ಟೆಗೆ ಇಳಿಯುತ್ತಿದೆಯೆಂಬುದು ದೇವರ ಲೀಲೆಯಲ್ಲದೆ ಮತ್ತೇನು. ಶ್ರೀಲತಾ ಬಾನೆಟ್ಟಿಗೆ ಒರಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಟಲಿ ಎತ್ತಿ ನೀರು ಕುಡಿಯುತ್ತಿದ್ದಳು. ಇವಳು ಕಾರು ಕಲಿಯುತ್ತೇನೆಂದಾಗ ಬೇಡವೆಂದವನು ತಾನು, ಕಲಿಯಲಿ ಬಿಡಿ ಎಂದವಳು ಲಕ್ಷ್ಮೀದೇವಿ. ಮಗ ರಘುನಾಥ ಆಗ ಇಬ್ಬರ ನಡುವೆ ತಲೆ ತಗ್ಗಿಸಿ ಊಟ ಮಾಡುತ್ತಿದ್ದ.

"ಸಾಕು ಮಾವ. ಕಲ್ಯಾಣದುರ್ಗಕ್ಕೆ ಹೋಗಿ ಇಲ್ಲಿಗೆ ವಾಪಸ್ ಬರಾಗಂಟ ಸಾಲ್ತದೆ. ಬರ್ತಾ ಇಲ್ಲೇ ಮತ್ತೆ ಹಾಕ್ಕಳಾಣ. ಗಾಡಿ ತಿರುಗಿಸ್ತೀನಿ, ಗನ್ನು ಆ ಕೊಕ್ಕೆಗೆ ನೇತಾಕ್ಬುಡಿ."

ಅವನು ಗನ್ನನ್ನು ಕೊಕ್ಕೆಗೆ ನೇತುಹಾಕಿದ. ಫೋನು ನೋಡಿದ, ಹಸಿರು. ಬರುವಾಗ ಮತ್ತೆ ಇಲ್ಲಿಯೇ ಬರಬೇಕು. ಅಷ್ಟರಲ್ಲಿ ಯಾರಾದರೂ ಬಂದರೆ? ರೊದ್ದಂನಲ್ಲಿ ಆದ ಹಾಗೆ ಕಣ್ಣೆದುರಿಗೇ ಕೆಂಪಾದರೆ? ಕಲ್ಯಾಣದುರ್ಗದಲ್ಲಿ ಬೇರೆ ಕೆಟ್ಟಿದೆ. ಯೋಚನೆ ಪೂರ್ತಿಯಾಗುವ ಮೊದಲೇ ಅವನ ಕೈ ಹೆಗಲಿನ ಟವೆಲಿಗೆ ಹೋಗಿತ್ತು. ನಿಂತ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿದರೆ ಸೀಟು ಆ ಟವೆಲಿನವನದು. ಎಂಥ ಪುಂಡನೂ ಅದನ್ನು ಎತ್ತಿ ಕೂರುವುದಿಲ್ಲ. ಎಷ್ಟು ಜಗಳಗಳಲ್ಲಿ ಅವನೇ ಈ ತೀರ್ಪು ಕೊಟ್ಟಿದ್ದ! ಗಾಳಿಗೆ ಹಾರಿಹೋಗದಿರಲೆಂದು ಟವೆಲನ್ನು ಗನ್ನಿನ ಹಿಡಿಗೆ ಸುತ್ತಿ ಬಲವಾಗಿ ಗಂಟು ಹಾಕಿದ. ಬೆಳಿಗ್ಗೆ ಲಕ್ಷ್ಮೀದೇವಿಯ ಫೋಟೋದ ಮುಂದೆ ಸೀರೆಗೆ ಪೂಜೆ ಮಾಡುವಾಗ ಆ ಬಿಳಿ ಟವೆಲಿಗೂ ಅರಿಸಿನ ಕುಂಕುಮ ಮೆತ್ತಿತ್ತು. ಅದರ ಕಡೆ ಅವನ ಗಮನ ಹೋಗಲಿಲ್ಲ. ಒಂದು ಕೆಲಸವನ್ನು ತಾನೂ ಸರಿಯಾಗಿ ಮಾಡಿದೆನೆಂಬ ನೆಮ್ಮದಿಯಿಂದ ಕಾರು ಹತ್ತಿದ.

ಕಂಬದೂರು ಹಿಂದೆ ಬಿದ್ದು, ಕಲ್ಯಾಣದುರ್ಗದ ಅರ್ಧ ದಾರಿ ಸವೆದಿತ್ತು. ಹೊತ್ತು ಇನ್ನೂ ಮೇಲಿತ್ತು. ದೀಪದ ಹೊತ್ತಿಗೆ ಧಾರಾಳವಾಗಿ ಮುಟ್ಟುತ್ತೇವೆ ಎಂದು ಶ್ರೀಲತಾ ಹೇಳಿ, ಕಲ್ಯಾಣಿಗೂ ಫೋನಿನಲ್ಲಿ ಅದನ್ನೇ ತಿಳಿಸಿದ್ದಳು. ಈಗ ನೋಡಬೇಕಾದದ್ದೇನೂ ಇಲ್ಲದಿದ್ದರೂ ಆದಿನಾರಾಯಣಪ್ಪ ಫೋನನ್ನು ನೋಡುತ್ತಲೇ ಇದ್ದ. ಬಿಟ್ಟುಬಂದ ಮನೆಯ ಕಡೆ ತಿರುಗಿ ನೋಡುವವನ ಹಾಗೆ. ಹಾಗೆ ನೋಡುತ್ತಿದ್ದಾಗಲೇ ಕಂಬದೂರಿನ ಚುಕ್ಕಿ ಬೂದಿ ಬಣ್ಣಕ್ಕೆ ತಿರುಗಿತು.

"ಶ್ರೀಲತಾ, ಕಂಬದೂರೂ ಕೆಟ್ಟೋಯ್ತಲ್ಲಮ್ಮ."

"ಈಗಿನ್ನ ನಾವೇ ಹಾಕ್ಕಂಡು ಬಂದ್ವಲ್ಲ!" ಅವಳು ಕಾರನ್ನು ಹುಣಸೆಮರದ ಕೆಳಗೆ ನಿಲ್ಲಿಸಿ ಫೋನು ತೆಗೆದುಕೊಂಡಳು. "ಯಾರೋ ಬರದವ್ರೆ. ಬಂದ್ ಆಗಿದೆ, ಗನ್ನಿಗೆ ಬಟ್ಟೆ ಕಟ್ಟಿದ್ದಾರೆ ಅಂತ. ಬಟ್ಟೆ ಯಾರು ಕಟ್ತಾರೆ ಮಾವ, ಅಲ್ಲಿ ನಾವ್ ಬಿಟ್ರೆ…" ಎಂದು ಅವನ ಕಡೆ ತಿರುಗಿದವಳು ಅವನ ಬರಿಯ ಹೆಗಲನ್ನು ನೋಡಿದಳು. "ಮಾವ, ನಿಮ್ ಟವೆಲ್?"

"ಬರೋವಾಗ ಬೇಕಲ್ಲಾಂತ… ಜಾಗ ಹಿಡ್ದೆ ಕಣಮ್ಮ."

ಅವಳು ಮೊದಲು ನಕ್ಕಳು. ತಡೆಯಲಾರದೆ, ಸ್ಟೇರಿಂಗಿನ ಮೇಲೆ ಹಣೆಯಿಟ್ಟು ನಕ್ಕಳು. "ಬಸ್ಸಲ್ವಲ್ಲಾ ಮಾವ ಇದು! ಅಯ್ಯೋ ದೇವುಡಾ!" ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿದಳು.

ಅವನು ಅವಳನ್ನು ನೋಡುತ್ತಿರಲಿಲ್ಲ. ಅವನ ಕಣ್ಣ ಮುಂದೆ ಒಂದು ಮಂಚವಿತ್ತು. ದೊಡ್ಡ ಊರಿನ ದೊಡ್ಡ ಆಸ್ಪತ್ರೆ. ಅಲ್ಲಿಗೆ ಬರುವ ಮೊದಲು ಲಕ್ಷ್ಮೀದೇವಿಯನ್ನು ಕರೆದುಕೊಂಡು ಎರಡು ಕಡೆ ಹೋಗಿದ್ದರು. ಫೋನಿನಲ್ಲಿ ಬೆಡ್ಡಿದೆ ಬನ್ನಿ ಎಂದವರು ಬಾಗಿಲಿಗೆ ಹೋದಾಗ ಈಗಷ್ಟೇ ತುಂಬಿತು ಎಂದರು. ಮೂರನೆಯ ಕಡೆ ವಾರ್ಡಿನೊಳಗೆ ಬಿಟ್ಟರು. ಗೋಡೆಯ ಪಕ್ಕದಲ್ಲಿ ಒಂದು ಮಂಚ ಖಾಲಿ ಇತ್ತು. ಅದರ ಮೇಲೆ ನೀಲಿ ಅಂಚಿನ ಒಂದು ಟವೆಲು. ಯಾರೋ ಹಾಕಿ ಹೋಗವ್ರೆ, ಬತ್ತಾರೆ, ಎಂದಿತು ಪಕ್ಕದ ಮಂಚದ ಮುದುಕಿ. ಲಕ್ಷ್ಮೀದೇವಿಯನ್ನು ಚಾಪೆಯ ಮೇಲೆ, ನೆಲದ ಮೇಲೆ ಮಲಗಿಸಿದರು. ರಘುನಾಥ ಆ ಟವೆಲನ್ನು ಎತ್ತಿ ಎಸೆಯುತ್ತೇನೆಂದ. ಬೇಡಪ್ಪ, ಅವರಿಗೂ ಕಾಯಿಲೆಯೇ ಇರುತ್ತದೆ, ಟವೆಲ್ ಹಾಕಿದ್ದಾರಲ್ಲ, ಎಂದು ಮಗನ ಕೈ ಹಿಡಿದವನು ತಾನೇ. ಅವಳು ನೆಲದಿಂದ ಆ ಮಂಚವನ್ನು ನೋಡುತ್ತಿದ್ದಳು. ಬೆಳಕು ಹರಿಯುವವರೆಗೆ ಯಾರೂ ಬರಲಿಲ್ಲ. ಆಮೇಲೆ ಅವಳಿಗೆ ಮಂಚ ಬೇಕಾಗಲಿಲ್ಲ. ಅಂದು ಯಾವ ಗೋಡೆಯ ಮೇಲಾದರೂ ಇಂಥದೊಂದು ಹಸಿರು ಚುಕ್ಕಿ ಉರಿಯುತ್ತಿದ್ದರೆ! ಮಂಚವೇ ಬಾಯಿಬಿಟ್ಟು, ನನ್ನ ಮೇಲೆ ಯಾರೂ ಇಲ್ಲ, ಇವಳನ್ನು ಎತ್ತಿ ಮಲಗಿಸಿರಿ, ಎಂದಿದ್ದರೆ! ಆ ಟವೆಲಿನವನ ಮುಖವನ್ನು ಇಷ್ಟು ತಿಂಗಳು ಅವನು ಕಲ್ಪಿಸಿಕೊಳ್ಳಲು ನೋಡಿದ್ದ. ದಪ್ಪ ಮೀಸೆಯವನು, ಬೀಡಿ ಸೇದುವವನು, ದಯೆಯಿಲ್ಲದವನು ಎಂದೆಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದ ಯಂತ್ರದ ಬಾಯಿಗೆ ಈಗ ತಾನೇ ಬಟ್ಟೆ ತುರುಕಿ ಬಂದಿದ್ದ. ಎಂಥ ನೆಮ್ಮದಿಯಿಂದ ಕಟ್ಟಿದ್ದೆ! ಆ ಟವೆಲಿನವನೂ ಹಾಗೆಯೇ ನೆಮ್ಮದಿಯಿಂದ ಹಾಕಿಹೋಗಿರಬೇಕು.

"ತಿರುಗಿಸಮ್ಮ."

"ಮಾವ, ಮೊದ್ಲು ದೊಡ್ಡತ್ತೆಗೆ ಸೀರೆ ಕೊಟ್ಬುಡಾಣ. ಬರ್ತಾ ಬಿಚ್ಚಿದ್ರಾಯ್ತು. ಕೆಟ್ಟಿಲ್ಲ, ಸರ್ಯಾಗದೆ ಅಂತ ನಾನು ಬರೀತೀನಿ."

"ನೀನ್ ಬರದ್ರೆ ಬಟ್ಟೆ ಬಿಚ್ಕಂತದಾ? ಬಂದೋರು ಮತ್ತೆ ನೋಡಿ ಹೋಯ್ತಾರೆ. ಅಲ್ಯಾರಿದ್ದಾರೋ ಏನೋ."

"ಈಗ ತಿರುಗಿದ್ರೆ ದೀಪದ ಹೊತ್ತು ಮೀರ್ತದೆ. ನಾಳೆ ಅಮಾಸೆ. ಅಲ್ಲೊಂದು ಜೀವ ಅನ್ನ ಬಿಟ್ಟು ಕೂತದೆ."

"ಗೊತ್ತು ಕಣಮ್ಮ."

ಲಕ್ಷ್ಮೀದೇವಿಗೆ ಸಲ್ಲಬೇಕಾದದ್ದನ್ನು ಮತ್ತೊಮ್ಮೆ ತಪ್ಪಿಸುತ್ತಿದ್ದೇನೆ ಎಂದು ಅವನಿಗೆ ಅನ್ನಿಸಿತು. ಆದರೆ ಅಲ್ಲಿ ಯಾರೋ ಒಬ್ಬರು ನಿಂತು ಆ ಟವೆಲನ್ನು ನೋಡುತ್ತಿರುವುದನ್ನು ತಾಳಿಕೊಂಡು ಮುಂದೆ ಹೋಗಲು ಅವನಿಂದಾಗಲಿಲ್ಲ. ಆ ರಾತ್ರಿ ವಾರ್ಡಿನಲ್ಲಿ ಶ್ರೀಲತಾಳೂ ಇದ್ದಳು. ಅತ್ತೆಯ ತಲೆ ಅವಳ ತೊಡೆಯ ಮೇಲಿತ್ತು. ಅವಳು ಒಂದೇ ಸಲಕ್ಕೆ ಸ್ಟೇರಿಂಗ್ ಎಳೆದು ಕಾರನ್ನು ಬಂದ ದಾರಿಗೆ ತಿರುಗಿಸಿದಳು.

ಡಾಬಾದ ಪಕ್ಕದಲ್ಲಿ ಒಂದು ಬಿಳಿ ಕಾರು ನಿಂತಿತ್ತು. ಜೀನ್ಸ್ ತೊಟ್ಟ ಒಬ್ಬ ಯುವಕ ಯಂತ್ರದಿಂದ ಮಾರು ದೂರ ನಿಂತು ಫೋನಿನಲ್ಲಿ ಯಾರಿಗೋ ದಾರಿ ಕೇಳುತ್ತಿದ್ದ. ಕಾರಿನೊಳಗೆ ಅವನ ಹೆಂಡತಿ ಇದ್ದಳು. ಹಿಂದಿನ ಸೀಟಿನಲ್ಲಿ ಒಂದು ಕಣ್ಣಿಗೆ ಹತ್ತಿಯ ಪಟ್ಟಿ ಹಾಕಿಕೊಂಡ ಮುದುಕಿ ಬಾಗಿಲು ತೆರೆದುಕೊಂಡು, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕುಳಿತಿತ್ತು. ಆದಿನಾರಾಯಣಪ್ಪ ಇಳಿದು ನೆಟ್ಟಗೆ ಗನ್ನಿನ ಕಡೆ ನಡೆದ.

"ಪೆದ್ದಾಯನಾ, ಯಜಮಾನ್ರೇ, ಮುಟ್ಟಬ್ಯಾಡಿ!" ಎಂದು ಯುವಕ ಕೂಗಿದ. "ಅರಿಸ್ನ ಕುಂಕ್ಮ ಹಾಕಿ ಗಂಟು ಕಟ್ಟವ್ರೆ. ಏನ್ ಮಾಡ್ಸವ್ರೋ ಏನೋ."

"ನೋಡ್ರಮ್ಮ," ಎಂದು ಹೆಂಡತಿ ಕಾರಿನೊಳಗಿನಿಂದಲೇ ಶ್ರೀಲತಾಳಿಗೆ ದೂರು ಹೇಳಿದಳು, "ಇಂಜಿನೇರು ಓದವ್ರೆ. ಟವೆಲ್ಲಿಗೆ ಹೆದ್ರಿ ಆವಾಗ್ನಿಂದ ಅಲ್ಲೇ ನಿಂತವ್ರೆ. ಅತ್ತೆಗೆ ಕಣ್ಣಿನ ಆಪರೇಷನ್ ಆಗ್ಯದೆ, ಈ ಧೂಳಲ್ಲಿ ಕೂರಿಸ್ಕಂಡಿದೀನಿ."

"ನೀನ್ ಬಿಚ್ಚು ಮೀನಾ, ಅಷ್ಟ್ ಧೈರ್ಯ ಇದ್ರೆ!"

"ನಾನ್ಯಾಕ್ ಬಿಚ್ಲಿ? ಯಾರ್ ಹರಕೆನೋ!"

"ಭೀಮೇಶಾ, ಯಾರೋ ಅದು ಬಂದಿದ್ದು?" ಎಂದಿತು ಮುದುಕಿ.

ಆದಿನಾರಾಯಣಪ್ಪನ ಬೆರಳುಗಳಿಗೆ ಗಂಟು ಸಿಗುತ್ತಿರಲಿಲ್ಲ. ಅಷ್ಟು ಬಿಗಿಯಾಗಿ ಕಟ್ಟಿದ್ದ. ಶ್ರೀಲತಾ ಸಹಾಯಕ್ಕೆ ಬಂದರೆ ಬೇಡವೆಂದು ತಲೆಯಾಡಿಸಿ, ಬಗ್ಗಿ ಹಲ್ಲಿನಿಂದ ಎಳೆದು ಬಿಚ್ಚಿದ. ಬಾಯಿಗೆ ಅರಿಸಿನದ ಕಹಿ ಹತ್ತಿತು. ಟವೆಲನ್ನು ಎರಡೂ ಕೈಯಲ್ಲಿ ಹಿಡಿದು ಅವರ ಕಡೆ ತಿರುಗಿ, "ನಂದೇ ಕಣಪ್ಪ," ಎಂದ. "ಮಾಟ ಅಲ್ಲ, ಮಂತ್ರ ಅಲ್ಲ. ಸಂಜಿಕೆ ನಮ್ಗೆ ಬೇಕಾಗ್ತದೇಂತ ಸೀಟು ಹಿಡ್ದಿದ್ದೆ."

ಮೀನಾ ಕಿಸಕ್ಕನೆ ನಕ್ಕಳು. ಭೀಮೇಶ ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ, "ಸೀಟಾ? ಒಳ್ಳೆ ತಾತ!" ಎಂದು ತಲೆ ಕೆರೆದುಕೊಂಡ. "ನಂಗೂ ಅನುಮಾನಾನೇ. ಆದ್ರೆ ಫೋನಲ್ಲಿ ಮಿಷನ್ ಸರಿಯಿಲ್ಲ ಅನ್ನೋದೊಂದು ಬಿಟ್ರೆ, ದೇವ್ರಿಗೆ ಹರಕೆ ಕಟ್ಟವ್ರೆ ಅಂತ ಒತ್ತಾಕೆ ಜಾಗಾನೇ ಇಲ್ವಲ್ಲ!"

ಹಿಂದಿನ ಸೀಟಿನ ಮುದುಕಿ ಎಲ್ಲವನ್ನೂ ಕೇಳಿಸಿಕೊಂಡು, "ಬೈಬ್ಯಾಡ್ರಪ್ಪ. ಬಸ್ಸಿನ ಕಾಲದೋನು, ಪಾಪ. ಹಿಂದುಕ್ಕೆ ಬಂದು ಬಿಚ್ಚಿದ್ನಲ್ಲ, ಯಾರ್ ಬತ್ತಾರೆ ಅಂಗೆ," ಎಂದಿತು. ಆದಿನಾರಾಯಣಪ್ಪ ಪಟ್ಟಿ ಹಾಕಿದ ಆ ಕಣ್ಣಿಗೆ ಕೈಮುಗಿದು ಈಚೆ ಬಂದ. ಭೀಮೇಶ ಗನ್ನು ಸಿಕ್ಕಿಸಿ ಬೂದಿ ಬಣ್ಣವನ್ನು ತೆಗೆಸಿದ. ಫೋನಿನಲ್ಲಿ ಕಂಬದೂರು ಕೆಂಪಾಯಿತು. ಕೆಂಪು ಇಷ್ಟು ಚೆನ್ನಾಗಿ ಕಾಣಬಹುದೆಂದು ಅವನಿಗೆ ಗೊತ್ತೇ ಇರಲಿಲ್ಲ. ಯಾರೋ ಬಂದಿದ್ದಾರೆ, ಅವರಿಗೆ ಜಾಗ ಸಿಕ್ಕಿದೆ.

ದಾರಿಯಲ್ಲಿ ಶ್ರೀಲತಾ ತಡವಾಗುವುದೆಂದು ಕಲ್ಯಾಣಿಗೆ ಮತ್ತೊಮ್ಮೆ ಫೋನು ಮಾಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆ ಕಡೆಯಿಂದ ಬಂದದ್ದು "ಸರೇ, ಅತ್ತೆಗೆ ಹೇಳ್ತೀನಿ" ಎಂಬಷ್ಟೇ ಮಾತು. ಚಾರ್ಜು ಸಾಲದೆ ಹೋದೀತೆಂದು ಅವಳು ಏಸಿ ನಿಲ್ಲಿಸಿ ಕಿಟಕಿ ಇಳಿಸಿದ್ದಳು. ಸೂರ್ಯ ಗಾಳಿಯಂತ್ರಗಳ ನಡುವೆ ಇಳಿದ. ರಸ್ತೆಯ ಪಕ್ಕದ ಮನೆಗಳಲ್ಲಿ ಒಂದೊಂದಾಗಿ ಬೆಳಕು ಕಾಣಿಸತೊಡಗಿದಾಗ ಆದಿನಾರಾಯಣಪ್ಪ ಪ್ರತಿಯೊಂದನ್ನೂ ನೋಡಿ ಕಣ್ಣು ತಗ್ಗಿಸಿದ. ನರಸಿಂಹಾ, ಎಂದುಕೊಂಡ. ಆದರೆ ಏನನ್ನು ಬೇಡಿಕೊಳ್ಳಬೇಕೋ ತೋಚಲಿಲ್ಲ. ಹೊತ್ತನ್ನು ಹಿಡಿದು ನಿಲ್ಲಿಸು ಎಂದು ಕೇಳುವುದು ತನ್ನ ಟವೆಲಿನಂಥದೇ ಮಾತು ಎನ್ನಿಸಿ ನಾಚಿಕೆಯಾಯಿತು. ಸುಮ್ಮನೆ ಹೆಸರನ್ನಷ್ಟೇ ಹೇಳುತ್ತ ಕುಳಿತ.

ಕಲ್ಯಾಣದುರ್ಗದ ಆ ಓಣಿಗೆ ಕಾರು ತಿರುಗಿದಾಗ ಕತ್ತಲಾಗಿತ್ತು. ಶಿವಲಕ್ಷ್ಮಮ್ಮನ ಮನೆಯ ಬಾಗಿಲು ಹಾರುಹೊಡೆದಿತ್ತು. ಹೊಸ್ತಿಲಿನ ಎರಡು ಕಡೆಯೂ, ಒಳಗೆ ದೇವರ ಗೂಡಿನಲ್ಲೂ ದೀಪಗಳು ಉರಿಯುತ್ತಿದ್ದವು. ಮುಗಿಯಿತು, ಎಂದುಕೊಂಡ ಅವನು. ಚೀಲವನ್ನು ಎದೆಗವಚಿಕೊಂಡು ಇಳಿದವನು ಮೆಟ್ಟಿಲಿನ ಕೆಳಗೇ ನಿಂತುಬಿಟ್ಟ. ಒಳಗೆ ಗೋಡೆಗೆ ದಿಂಬು ಕೊಟ್ಟು ಶಿವಲಕ್ಷ್ಮಮ್ಮನನ್ನು ಕೂರಿಸಿದ್ದರು. ಒಂದು ಹಿಡಿಯಷ್ಟಾಗಿದ್ದರು. ಕೊರಳಿನ ಎಲುಬುಗಳ ಮೇಲೆ ದೀಪದ ಬೆಳಕು ಕುಣಿಯುತ್ತಿತ್ತು.

"ಬಾರಪ್ಪ ಒಳಿಕ್ಕೆ. ಅದ್ಯಾಕೆ ಅಲ್ಲೇ ನಿಂತೆ?"

"ದೀಪ ಹಚ್ಬುಟ್ಟಿದೀರಲ್ಲ ಅತ್ತಿಗೆಮ್ಮ. ನಾನು ತಡ ಮಾಡ್ಬುಟ್ಟೆ."

"ನಾನೇ ಹಚ್ಸಿದ್ದು. ಕಲ್ಯಾಣಿ, ಬ್ಯಾಡ ಬ್ಯಾಡ, ಅವ್ರು ಬರೋಗಂಟ ತಡೀರಿ ಅಂತಿದ್ಲು. ನಾನೇ ಬೈದು, ಇರೋವೆಲ್ಲಾ ಹಚ್ಚೇ ಅಂದೆ."

"ಹಚ್ಚಿದ್ ಮೇಲೆ ಸೀರೆ ತರಬಾರ್ದಲ್ಲ."

ಶಿವಲಕ್ಷ್ಮಮ್ಮ ಅವನನ್ನು ನೋಡಿದರು. ಏನೂ ತಿಳಿಯದ ಮಗುವನ್ನು ನೋಡುವ ಹಾಗೆ.

"ಕತ್ಲಲ್ಲಿ ಅವ್ಳೆಂಗೆ ಒಳಿಕ್ಕೆ ಬತ್ತಾಳಪ್ಪ? ಕತ್ಲಂದ್ರೆ ನಮ್ ಲಕ್ಷ್ಮೀಗೆ ಹುಟ್ದಾಗಿಂದ ಭಯ. ಲಾಟೀನು ಸಣ್ಣದು ಮಾಡಿದ್ರೆ ನನ್ನ ಸೆರಗು ಬಾಯಿಗಿಟ್ಕಂಡು ಅಳೋಳು. ನಿಂಗೊತ್ತಿಲ್ವಾ?"

ಅವನಿಗೆ ಗೊತ್ತಿರಲಿಲ್ಲ. ಅವನು ಬೇರೆ ಬೇರೆ ಊರುಗಳಲ್ಲಿ ಬಸ್ಸಿನೊಳಗೆ ಮಲಗಿದ ರಾತ್ರಿಗಳಲ್ಲಿ, ಹಿಂದೂಪುರದ ಆ ಒಂಟಿ ಕೋಣೆಯಲ್ಲಿ, ಮಗುವನ್ನು ಪಕ್ಕಕ್ಕೆ ಹಾಕಿಕೊಂಡು ಅವಳು ಏನು ಮಾಡುತ್ತಿದ್ದಳೆಂದು ಅವನು ಒಮ್ಮೆಯೂ ಕೇಳಿರಲಿಲ್ಲ. ಮನೆಗೆ ಬಂದ ರಾತ್ರಿ ಕಣ್ಣಿಗೆ ಬೆಳಕು ಚುಚ್ಚುತ್ತದೆಂದು ದೀಪವನ್ನು ಆರಿಸುತ್ತಿದ್ದವನು ತಾನೇ. ಅವಳು ಒಂದು ದಿನವೂ ಬೇಡವೆಂದಿರಲಿಲ್ಲ. ಸ್ವಲ್ಪ ಹತ್ತಿರಕ್ಕೆ ಸರಿಯುತ್ತಿದ್ದಳು, ಅಷ್ಟೆ. ಅದನ್ನು ಅವನು ಬೇರೆಯೇ ಏನೋ ಎಂದು ತಿಳಿದುಕೊಂಡಿದ್ದ.

"ತಗಂಡ್ ಬಾ," ಎಂದರು ಶಿವಲಕ್ಷ್ಮಮ್ಮ, ಮಡಿಲು ಒಡ್ಡಿ. "ಮೆಲ್ಲಕೆ. ಕಲ್ಯಾಣಿ, ಅನ್ನಕ್ಕಿಡು."

ಶ್ರೀಲತಾ ಹಿಂದಿನಿಂದ ಅವನ ಮೊಣಕೈ ಹಿಡಿದಳು. ಆದಿನಾರಾಯಣಪ್ಪ ಸೀರೆಯನ್ನು ಚೀಲದಿಂದ ತೆಗೆದು, ಎರಡೂ ತೋಳುಗಳ ಮೇಲೆ ಹೊತ್ತು, ಉರಿಯುವ ದೀಪಗಳ ನಡುವೆ ಹೊಸ್ತಿಲು ದಾಟಿದ.